ಶಮೀಮಬಿಯ ಹಲ್ಲಿನ ಪಾಚಿ

ಹೊಸ ಹಿರೇಹೊಂಡ, ೩೦ ಫೆಬ್ರವರಿ ೨೪೧೯

ಹಿಂದಿನವರೇ,

ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ತಾರೀಖು ತಪ್ಪಿಲ್ಲ. ನಿಮಗೆ ಗೊತ್ತಿಲ್ಲದ ಒಂದೆರಡು ಮಾತು ಬಳಸಬೇಕಾಗಿದೆ, ಕ್ಷಮಿಸಿ. ನುಣುಪುನೀರು ಎಂದರೆ ಬಾಯಿಯಲ್ಲಿ ಒಂದು ಜೀವಾಣುವನ್ನೂ ಉಳಿಸದ ದ್ರವ. ಅದರಿಂದ ಮುಕ್ಕಳಿಸಿದವರಿಗೆ ಸಿಗುವ ಚೀಟಿ ಬಾಯಿಪತ್ರ. ಅದಿಲ್ಲದವರಿಗೆ ಶಾಲೆ, ಖಾನಾವಳಿ, ಮದುವೆಯ ಪಂಕ್ತಿ ಯಾವುದೂ ಇಲ್ಲ. ಇಲ್ಲಿ ಶುರುವಾಗಿ ಸೀಮೆಗೆಲ್ಲ ಹಬ್ಬಿದ ಈ ನಿಯಮಕ್ಕಾಗಿ ಸಭೆಗೆ ಹದಿನೇಳು ಅರ್ಜಿ ಬರೆದವನು ನಾನು.

ವಿರೋಧಿಸಿದವರು ನಮ್ಮ ಓಣಿಯ ಹಲ್ಲಿನ ವೈದ್ಯೆ ಶಮೀಮಬಿ ಒಬ್ಬರೇ. ಸಭೆಯಲ್ಲಿ ತಮ್ಮದೇ ಹಲ್ಲಿನ ಪಾಚಿಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಹಲ್ಲಿಗೆ ಮೊದಲು ಅಂಟುವ ದುಂಡು ಜೀವಾಣುಗಳು ಉಳಿದವಕ್ಕೆ ನೆಲ ಹಾಸುತ್ತವೆ. ನೂಲಿನ ಎಳೆಯಂಥವು ಎದ್ದು ನಿಲ್ಲುತ್ತವೆ. ಅವುಗಳ ತುದಿಗೆ ಬೇರೆ ದುಂಡನೆಯವು ತೆನೆಯ ಕಾಳಿನಂತೆ ಸುತ್ತ ಕೂರುತ್ತವೆ. ಗಾಳಿ ಬೇಕಾದವು ಹೊರಗೆ, ಗಾಳಿ ಸೇರದವು ಒಳಗೆ. ಒಂದು ಬಿಟ್ಟ ಹುಳಿ ಇನ್ನೊಂದಕ್ಕೆ ಊಟ.

"ಹಲ್ಲು ತಿಕ್ಕಬ್ಯಾಡ್ರಿ ಅಂತ ನಾ ಅನ್ನಾಕತ್ತಿಲ್ಲ. ತಿಕ್ಕಿದ ಮ್ಯಾಲೂ ಒಂದೀಟು ಉಳೀಬೇಕು. ಮತ್ತ ಕಟ್ಟಿಕೊಳ್ತೈತಿ," ಎಂದರು.

ನಾನು ಎದ್ದು, "ಡಾಕ್ಟರವ್ವಾ, ಕೊಳೀಗೂ ಮನೆತನ ಇರತೈತೇನ್ರಿ?" ಎಂದೆ. ಸಭೆ ಗೊಳ್ಳೆಂದಿತು. ಅದು ನನಗೆ ಬಹಳ ದಿನ ಹಿತವಾಗಿತ್ತು.

ಅವರು ನುಣುಪುನೀರು ಮುಟ್ಟಲಿಲ್ಲ. ಆರು ವರ್ಷದ ಮೇಲೆ ನನ್ನ ಹದಿನೆಂಟನೆಯ ಅರ್ಜಿ ಅವರ ಮೇಲೆಯೇ ಹೋಯಿತು. ಸೀಮೆಯಲ್ಲಿ ತೊಳೆಯದೆ ಉಳಿದ ಕೊನೆಯ ಬಾಯಿ ಅದೆಂದು ಹೆಮ್ಮೆಯಿಂದ ಬರೆದಿದ್ದೆ. ಇಬ್ಬರು ತೋಳು ಹಿಡಿದರು, ಒಬ್ಬ ಸುರಿದ. ಸಾಕ್ಷಿಯ ಸಹಿ ನನ್ನದು.

ಈಗ ನನ್ನ ಮೊಮ್ಮಗಳು ಈರವ್ವನಿಗೆ ಒಂಬತ್ತು ವರ್ಷ. ತಡೆಯುವ ಜೀವಾಣುಗಳಿಲ್ಲದೆ ಬರಿದಾದ ಬಾಯಿಯ ತುಂಬ ಬೂಷ್ಟು. ರೊಟ್ಟಿ ಹಾಲಿನಲ್ಲಿ ನೆನೆಸಿಕೊಟ್ಟರೂ "ಯಜ್ಜಾ, ಉರೀತೈತೋ" ಎಂದು ತಟ್ಟೆ ಸರಿಸುತ್ತಾಳೆ. ಸೊಂಟದ ಮೂಳೆ ಕಾಣುತ್ತಿದೆ. ಪ್ರಯೋಗಾಲಯದವರು ಬೇರೆ ಬೇರೆ ಸೀಸೆಗಳಲ್ಲಿ ಉಳಿದಿದ್ದ ಜೀವಾಣುಗಳನ್ನು ಬೆರೆಸಿ ಮೂರು ಸಲ ಅವಳ ಹಲ್ಲಿಗೆ ಹಚ್ಚಿದರು. ಎಲ್ಲ ಜಾತಿಯವೂ ಇದ್ದವು, ಒಂದೂ ತನ್ನ ಜಾಗಕ್ಕೆ ಹೋಗಲಿಲ್ಲ. ತಲೆಮಾರುಗಟ್ಟಲೆ ಒಂಟಿಯಾಗಿ ಬೆಳೆದು, ಒಂದನ್ನೊಂದು ಹಿಡಿಯುವುದನ್ನೇ ಬಿಟ್ಟುಬಿಟ್ಟಿದ್ದವು. ಕಟ್ಟಿಕೊಂಡೇ ಇರುವ ಪಾಚಿ ಬೇಕು ಎಂದರು.

ಶಮೀಮಬಿಯ ಮನೆಗೆ ಹೋದೆ. ಅವರು ಬಾಯಿ ತೆರೆದು ತೋರಿಸಿದರು. ಹಲ್ಲುಗಳು ಗಾಜಿನ ಹಾಗೆ ಹೊಳೆಯುತ್ತಿದ್ದವು.

"ಇದ್ದಿದ್ರ ಕೊಡ್ತಿದ್ದೆ, ಯಪ್ಪಾ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಪಾಚಿ ಈ ಹೊತ್ತು ನಿಮ್ಮ ಬಾಯಿಯಲ್ಲಿದೆ. ವೈದ್ಯರು ಕೆರೆದು ತೆಗೆಯುವಾಗ ಒಂದು ಚೂರನ್ನು ಕಲಕದೆ, ಬಿಡಿಸದೆ, ಹಾಗೆಯೇ ಹಿಮದಲ್ಲಿ ಎತ್ತಿಡಿಸಿ. ಮೇಲೆ ಈರವ್ವ, ಹೊಸ ಹಿರೇಹೊಂಡ ಎಂದು ಬರೆಯಿರಿ. ಕೇಳಿದವನ ಹೆಸರು ಬೇಕಿಲ್ಲ.