ಪೆಟ್ಟಿಗೆ: ಸರಿಯಿದೆ

1955 ಡಿಸೆಂಬರ್ 12, ಸೋಮವಾರ. ಸಂಜೆ 6

ಇವತ್ತೂ ಅದೇ — ನರವಿಷಕ್ಕೆ ಮದ್ದು ಹುಡುಕುವುದು. ಸೈನ್ಯದ ಈ ಲ್ಯಾಬಿಗೆ ಬಂದು ಹನ್ನೆರಡು ವರ್ಷ. ಹೆಂಡತಿ ತೂರಾಗೆ ಗೊತ್ತಿರುವುದು ಇಷ್ಟೇ, ಗಂಡ ಬಣ್ಣ ತಯಾರಿಸುತ್ತಾನೆ.

ಹೊರಡುವ ಮೊದಲು ಒಬ್ಬರ ಕಣ್ಣು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಕಣ್ಣಿನ ಪಾಪೆ ಕುಗ್ಗಿದ್ದರೆ ವಿಷ ತಾಕಿದೆ ಎಂದರ್ಥ. ಮರುದಿನ ಮಧ್ಯಾಹ್ನದವರೆಗೆ ಹೊರಗೆ ಬಿಡುವುದಿಲ್ಲ. ಜೊತೆಗಾರ ಸಿಗ್ವಾರ್ಡ್ ನನ್ನ ಮುಖ ಬೆಳಕಿಗೆ ತಿರುಗಿಸಿದ.

"ಎರಡೂ ಸಾಸಿವೆ ಕಾಳಾಗಿದೆಯಲ್ಲೋ. ಏನ್ ಮಾಡ್ಕೊಂಡೆ?"

ಬಾಟಲಿ ತೊಳೆಯುವಾಗ ತಾಕಿರಬೇಕು ಎಂದೆ. ಸುಳ್ಳು. ವಿಷವಿಟ್ಟು ಕೆಲಸ ಮಾಡುವ ಗಾಜಿನ ಪೆಟ್ಟಿಗೆಯ ರಬ್ಬರ್ ಸಡಿಲವಾಗಿ ಒಳಗಿನದು ಸೋರುತ್ತಿದೆ. ಅದನ್ನು ಹೇಳಿದರೆ ಗಂಟೆ ಬಾರಿಸಿ ಎಲ್ಲರನ್ನೂ ಕೂಡಿಹಾಕುತ್ತಾರೆ. ನಾಳೆ ಲೂಸಿಯಾ ಹಬ್ಬ, ಬೆಳಿಗ್ಗೆ ಶಾಲೆಯಲ್ಲಿ ನಮ್ಮ ಮಗಳು ಗುನ್ನೆಲ್‌ಳೇ ಬೆಳಕಿನ ಸಂತೆ ಲೂಸಿಯಾ — ತಲೆಯ ಮೇಲೆ ಮೇಣದಬತ್ತಿಯ ಕಿರೀಟ. ತಿಂಗಳಿಂದ ಮನೆಯಲ್ಲಿ ಅದೇ ಹಾಡು.

"ಮಗಳು ಒಂದೇ ಸಲ ಲೂಸಿಯಾ ಆಗೋದು. ಹೋಗು ಮಾರಾಯ," ಎಂದು, ಕಣ್ಣು ಸರಿಯಿದೆ ಅಂತ ಸಹಿ ಹಾಕಿಬಿಟ್ಟ.

ನಾನೂ ಲ್ಯಾಬಿನ ತಪಾಸಣೆ ಪುಸ್ತಕದಲ್ಲಿ ಬರೆದೆ — ಪೆಟ್ಟಿಗೆ: ಸರಿಯಿದೆ. ನಾಳೆ ಹತ್ತಕ್ಕೆ ಹೋಗಿ ನಾನೇ ಬಿಗಿ ಮಾಡಿದರಾಯಿತು. ಅದಕ್ಕೆ ಮೊದಲು ಯಾರೂ ಮುಟ್ಟುವುದಿಲ್ಲ.

ಡಿಸೆಂಬರ್ 13. ಬೆಳಿಗ್ಗೆ 8.30

ಶಾಲೆಯ ಹಾಲ್ ಪೂರ್ತಿ ಕತ್ತಲು. ಹಾಡು ಕೇಳಿಸಿತು, ಗುನ್ನೆಲ್ ಕಾಣಿಸಲಿಲ್ಲ. ಕುಗ್ಗಿದ ಪಾಪೆಗೆ ಕತ್ತಲಲ್ಲಿ ಏನು ಕಂಡೀತು... ಮಸುಕು ಬೆಳಕೊಂದು ಎದುರಿನಿಂದ ನಡೆದುಹೋಯಿತು, ಅಷ್ಟೇ. ಕಣ್ಣೊರೆಸಿಕೊಂಡೆ. ಸಂತೋಷಕ್ಕೆ ಎಂದುಕೊಂಡಳು ತೂರಾ.

ಈಗ ಕಾಫಿ, ಕೇಸರಿ ಬನ್ನು. ಬಸ್ಸು 9.20ಕ್ಕೆ.

ಅದೇ ದಿನ. ಮಧ್ಯಾಹ್ನ 3

ಸಿಗ್ವಾರ್ಡ್ ಏಳಕ್ಕೇ ಬಂದಿದ್ದನಂತೆ. ನನ್ನ ಕೆಲಸ ತಾನೇ ಮುಗಿಸಿದರೆ ನಾನು ನಿಧಾನವಾಗಿ ಬರಬಹುದು ಎಂದು. ಪೆಟ್ಟಿಗೆಯ ಪಕ್ಕದಲ್ಲೇ ಬಿದ್ದಿದ್ದ. ನಮ್ಮ ಮದ್ದನ್ನೇ ಚುಚ್ಚಿದ್ದಾರೆ. ಉಸಿರಿದೆ.

ನಾನು — ಇನ್ನೂ ಏನೂ ಹೇಳಿಲ್ಲ.

1956 ಜನವರಿ 8, ಭಾನುವಾರ

ಇವತ್ತು ಸಿಗ್ವಾರ್ಡ್‌ನನ್ನು ನೋಡಲು ಆಸ್ಪತ್ರೆಗೆ ಹೋದೆ. ಬದುಕಿಕೊಂಡಿದ್ದಾನೆ, ಬಲಗೈ ಮಾತ್ರ ನಡುಗುವುದು ನಿಂತಿಲ್ಲ. ಕಾಫಿ ನಾನೇ ಕುಡಿಸಿದೆ. ನಾಳೆ ವಿಚಾರಣೆ. ಪುಸ್ತಕದ ಪ್ರಕಾರ ಪೆಟ್ಟಿಗೆ ಸರಿಯಿತ್ತು, ಹಾಗಾಗಿ ಅಜಾಗರೂಕತೆ ಅವನದು, ಕೆಲಸದಿಂದ ತೆಗೆಯುತ್ತಾರೆ ಎಂದು ಎಲ್ಲರ ಮಾತು.

ರಬ್ಬರ್ ವಿಷಯ ಅವನಿಗೆ ಹೇಳಿಬಿಟ್ಟೆ. ಬೈಯಲಿಲ್ಲ.

"ಹಾಡು ಚೆನ್ನಾಗಿ ಬಂತಾ?" ಎಂದ.

ಬಂತು ಎಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜನವರಿ 9. ಬೆಳಿಗ್ಗೆ 9.50

ವಿಚಾರಣೆ ಕೋಣೆಯ ಹೊರಗೆ, ಬೆಂಚಿನ ಮೇಲೆ. ರಬ್ಬರ್ ಸಡಿಲವಿತ್ತು, ಗೊತ್ತಿದ್ದೂ ಸರಿಯಿದೆ ಎಂದು ಬರೆದೆ — ಇಷ್ಟು ನಿಜ ಹೇಳುತ್ತೇನೆ. ಜೊತೆಗೆ ಒಂದು ಸುಳ್ಳು: ಸಿಗ್ವಾರ್ಡ್ ನೋಡಿದಾಗ ನನ್ನ ಕಣ್ಣು ಸರಿಯಿತ್ತು, ಆಮೇಲೆ ಕುಗ್ಗಿತು. ಅವನ ಸಹಿ ಸುಳ್ಳೆನಿಸದಿರಲಿ, ಕೆಲಸ ಉಳಿಯಲಿ.

ಬಣ್ಣದ ಕೆಲಸ ಇವತ್ತಿಗೆ ಮುಗಿಯಬಹುದು ಎಂದು ತೂರಾಗೆ ಹೇಳಿ ಬಂದಿದ್ದೇನೆ. ಅವಳು ನನ್ನ ಟೈ ಸರಿಮಾಡಿದಳು.

ಬಾಗಿಲು ತೆರೆಯಿತು. ಮೊದಲು ಹೆಸರು, ಹುದ್ದೆ ಕೇಳುತ್ತಾರೆ. ಹೆಸರು ಹೇಳಬಲ್ಲೆ. ಹುದ್ದೆ — ಅದು ಇನ್ನೆಷ್ಟು ಹೊತ್ತೋ.