ನೆಲೆ ನಿಂತವರ ಹೊಲ

ಪಂಡರಿ ಅಣ್ಣಾ,

ನೀನು ಎಲ್ಲಿದ್ದೀಯೋ ತಿಳಿಯದು. ಆದರೂ ಹೇಳಬೇಕೆನಿಸಿತು. ಇವತ್ತು ದುಬಲಗುಂಡಿಯ ನಮ್ಮ ಹೊಲ ಅಳೆದರು. ಕುರಿಯ ಹಿಂದೆ ಅಲೆಯುವುದು ಬಿಟ್ಟು ಇಲ್ಲೇ ನೆಲೆ ನಿಂತರೆ ಉಳಲು ಕೊಡುತ್ತೇವೆಂದು ನಿಜಾಮರ ಕಾಲದಲ್ಲಿ ಮುತ್ತಜ್ಜನಿಗೆ ಕೊಟ್ಟ ನೆಲ ಕೊನೆಗೂ ನಮ್ಮ ಹೆಸರಿಗೆ ಆಗುತ್ತದಂತೆ.

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಅಳೆಯುವವರು ಮೋಡದೊಳಗೆ ನಡೆದುಹೋದಂತೆ ಕಂಡರು. ಎಲ್ಲಿಂದಲೋ ಕುರಿಗಳ ಗಂಟೆಯ ಸದ್ದು ಬಂತು. ಅವ್ವನೂ ಅತ್ತ ತಿರುಗಿ ನೋಡಿದಳು.

ಸರ್ವೇಯರ್ ಕೇಳಿದರು: "ಜಿಜಾಬಾಯಿ, ಮಕ್ಕಳು ಎಷ್ಟ್ ಮಂದಿರಿ?"

"ಇಬ್ಬರ್ರಿ. ಮಗಳು ಸೋನಾಲಿ ಇಲ್ಲೇ ಅದಾಳ. ಮಗ ಕುರಿ ಕಾಯಾಕತ್ತಾನ."

"ಎಲ್ಲಿರ್ತಾನ್ರಿ?"

"ಹಸಿರು ಎಲ್ಲಿ ಐತಿ, ಅಲ್ಲಿ."

"ಹೋಗಿ ಭಾಳ ವರ್ಷ ಆತಂತಲ್ರಿ. ಇಲ್ಲ ಅಂತ ಬರೀಲೇನು?"

ಅವ್ವ ಹೇಳಿದಳು: "ದೂರ ಹೋದವ ಇಲ್ಲದವ ಹ್ಯಾಂಗ ಆಗ್ತಾನ್ರಿ? ಮೊದಲು ಅವನ ಹೆಸರೇ ಬರೀರಿ."

ಅವರು ಬರೆದುಕೊಂಡರು.

ಅವರು ಹೋದ ಮೇಲೆ ಅವ್ವ ಪಡುವಣ ಬದುವಿಗೆ ನಡೆದಳು. ನೀನು ಮನೆ ಬಿಟ್ಟ ವರ್ಷ, ಕುರಿಗಳು ಒಳಗೆ ಬಾರದಿರಲೆಂದು ಅಪ್ಪ ಅಲ್ಲಿ ಮುಳ್ಳುಬೇಲಿ ಹಾಕಿಸಿದ್ದ. ಅವ್ವ ಒಂದೊಂದೇ ಮುಳ್ಳುಕಂಟಿ ಕಿತ್ತು ಪಕ್ಕಕ್ಕಿಟ್ಟಳು. ನಾನೂ ಕೈ ಹಚ್ಚಿದೆ. ಬಿಸಿಲೇರುವಷ್ಟರಲ್ಲಿ ಒಂದು ಹಿಂಡು ಒಳಗೆ ಬರುವಷ್ಟು ದಾರಿಯಾಗಿತ್ತು.