ನಿದ್ದೆ ಮಾತ್ರೆಗೆ ಚೀಟಿ ಬೇಕು, ಆಪ್ಷನ್‌ಗೆ ಬೆರಳು ಸಾಕು

ಷೇರುಪೇಟೆಯನ್ನು ಕಾಯುವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ದೂರಿಗೆ ನೀವು ಕಳಿಸಿದ ಉತ್ತರ ತಲುಪಿತು. "ಹೂಡಿಕೆದಾರರು ಅಪಾಯಗಳನ್ನು ಓದಿ ಒಪ್ಪಿರುತ್ತಾರೆ, ದೂರನ್ನು ಮುಕ್ತಾಯಗೊಳಿಸಲಾಗಿದೆ." ಭೇಷ್! ನಮ್ಮ ಅಕ್ಕನ ಮಂಡಿನೋವು ಮಾತ್ರ ತಮ್ಮ ಆದೇಶಕ್ಕೆ ಇನ್ನೂ ಮಣಿದಿಲ್ಲ.

ಭಾವ ಔಷಧಿ ಅಂಗಡಿ ಇಟ್ಟಿದ್ದಾರೆ. ಅಕ್ಕನ ಮಂಡಿ ಶಸ್ತ್ರಚಿಕಿತ್ಸೆಗೆಂದು ಒಂಬತ್ತು ವರ್ಷ, ತಿಂಗಳಿಗಿಷ್ಟು ಎಂದು ಒಂದು ಸಿಮೆಂಟ್ ಕಂಪನಿಯ ಷೇರು ಕೊಂಡರು. ಬೆಲೆ ಇಳಿದಾಗ ಬೈದರು, ಏರಿದಾಗ ಅಕ್ಕನನ್ನು ಕರೆದು ತೋರಿಸಿದರು. ಷೇರು ಎಲ್ಲಿಗೂ ಓಡಿಹೋಗಲಿಲ್ಲ. ಈ ವರ್ಷ ನೀವು ಪರವಾನಗಿ ಕೊಟ್ಟ ಆ್ಯಪ್ ಒಂದು ಬುದ್ಧಿ ಹೇಳಿತು: ಷೇರನ್ನೇ ಯಾಕೆ ಕೊಳ್ಳುತ್ತೀರಿ? ಇಂಥ ತಾರೀಖಿನೊಳಗೆ, ಇಂಥ ಬೆಲೆಗೆ ಕೊಳ್ಳುವ ಹಕ್ಕನ್ನಷ್ಟೇ ಕೊಳ್ಳಿ. ಅದೇ ಆಪ್ಷನ್. ಅಗ್ಗ, ಲಾಭ ಹತ್ತುಪಟ್ಟು! ಬೆಲೆ ಏರಿಯೇ ಏರುತ್ತದೆ ಎಂದು ಭಾವ ಷೇರನ್ನೆಲ್ಲ ಮಾರಿ ಅದೇ ಕಂಪನಿಯ ಆಪ್ಷನ್ ಕೊಂಡರು.

"ತಾರೀಖು ಮುಗಿದ್ರೆ ಏನಾಗತ್ತೆ ಭಾವ?" ಎಂದು ಕೇಳಿದೆ.

"ಏನಾಗತ್ತೆ? ವಾಪಸ್ ಕಳಿಸೋದು. ನಮ್ಮಂಗಡೀಲಿ ಅವಧಿ ಮೀರಿದ ಮಾತ್ರೇನ ಕಂಪನಿಯವರು ವಾಪಸ್ ತಗೊಂಡು ದುಡ್ಡು ಹೊಂದಿಸಲ್ವೇನೋ? ಇಷ್ಟು ದೊಡ್ಡ ಪೇಟೆ ಕಣೋ, ಅಷ್ಟೂ ಮರ್ಯಾದೆ ಇರಲ್ವಾ?"

ನಗಬೇಡಿ. ಮೂವತ್ತು ವರ್ಷ ಒಂದೇ ಕಸುಬು ಮಾಡಿದವರಿಗೆ ಲೋಕವೆಲ್ಲ ಆ ಕಸುಬಿನಂತೆಯೇ ನಡೆಯುತ್ತದೆ ಅನ್ನಿಸುವುದು ಸಹಜ. ಗುರುವಾರ ಗಡುವು ಮುಗಿಯಿತು. ಅಷ್ಟರೊಳಗೆ ಬೆಲೆ ಏರಿರಲಿಲ್ಲ, ಆಪ್ಷನ್ ಸೊನ್ನೆಯಾಯಿತು. ಮೂರು ವಾರ ಕಳೆದ ಮೇಲೆ ಆ ಷೇರು ಭಾವ ಹೇಳಿದಂತೆಯೇ ಜಿಗಿಯಿತು! ಊಹೆ ಸರಿ, ಕೈ ಖಾಲಿ. ಷೇರು ಇಟ್ಟುಕೊಂಡವರು ಕಾಯಬಹುದು. ಆಪ್ಷನ್ ಕೊಂಡವರ ಊಹೆ ಸರಿಯಾಗಬೇಕು, ಅದೂ ಗಡುವಿನೊಳಗೆ. ಷೇರೇನು ಸಾಚಾ ಎಂದು ನಾನು ವಾದಿಸುತ್ತಿಲ್ಲ. ಕಂಪನಿ ಮುಳುಗಿದರೆ ಅದೂ ಮುಳುಗುತ್ತದೆ. ಆದರೆ ಕಂಪನಿ ಗಟ್ಟಿಯಾಗಿರುವಾಗಲೇ ನಮ್ಮ ಗಂಟು ಮುಳುಗಿಸುವ ಸರಕನ್ನು ಅಗ್ಗವೆಂದು ಮಾರಲು ಬಿಟ್ಟವರು ಯಾರು?

ಒಂದು ಸ್ಟ್ರಿಪ್ ನಿದ್ದೆ ಮಾತ್ರೆ ಕೊಡಲು ಭಾವ ವೈದ್ಯರ ಚೀಟಿ ಕೇಳಬೇಕು, ಇಲ್ಲದಿದ್ದರೆ ಅಂಗಡಿಗೆ ಬೀಗ. ಒಂಬತ್ತು ವರ್ಷದ ಉಳಿತಾಯ ಕರಗಿಸಲು ಬೆರಳೊಂದಿದ್ದರೆ ಆಯಿತು. ಓದಿ ಒಪ್ಪಿದ್ದಾರೆ ಎನ್ನುತ್ತೀರಲ್ಲ ಸ್ವಾಮಿ, ಇರುವೆ ಸಾಲಿನಂಥ ಆ ನಲವತ್ತೊಂದು ಪುಟಗಳನ್ನು ನಿಮ್ಮ ಕಚೇರಿಯಲ್ಲಾದರೂ ಯಾರಾದರೂ ಓದಿದ್ದಾರೆಯೇ? ಭಾವ ಓದಲಿಲ್ಲ. ಕನ್ನಡಕ ಸಿಗದೆ ಫೋನನ್ನು ನನ್ನ ಕೈಗೆ ಕೊಟ್ಟರು. "ಓದಿ ಅರ್ಥಮಾಡಿಕೊಂಡಿದ್ದೇನೆ" ಎಂಬ ಚೌಕವನ್ನು ಒತ್ತಿದವನು ನಾನು. ನಾನೂ ಓದಿರಲಿಲ್ಲ.

ಅಕ್ಕ ಬೈಯಲಿಲ್ಲ. "ಹೋಗ್ಲಿ ಬಿಡೋ, ಇನ್ನೊಂದಷ್ಟು ದಿನ ಗೋಡೆ ಹಿಡ್ಕೊಂಡು ನಡೀತೀನಿ" ಅಂದಳು. ಬೈದಿದ್ದರೆ ವಾಸಿಯಿತ್ತು.

ಹೋದ ಹಣವನ್ನು ನಿಮ್ಮಿಂದ ಕೇಳುತ್ತಿಲ್ಲ. ಆಪ್ಷನ್ ಮಾರುವ ಪ್ರತಿ ಪರದೆಯ ಮೇಲೆ, ಲಾಭದ ಅಂಕಿ ಎಷ್ಟು ದಪ್ಪವಿದೆಯೋ ಅಷ್ಟೇ ದಪ್ಪಕ್ಷರದಲ್ಲಿ ಬರೆಸಿ: "ಈ ತಾರೀಖಿನೊಳಗೆ ನಿಮ್ಮ ಊಹೆ ನಿಜವಾಗದಿದ್ದರೆ ನಿಮಗೆ ಏನೂ ಉಳಿಯದಿರಬಹುದು." ಕೊಳ್ಳುವವರು ಆ ಸಾಲನ್ನು ತಮ್ಮ ಭಾಷೆಯಲ್ಲಿ, ಸ್ವಂತ ಕೈಯಿಂದ ಟೈಪ್ ಮಾಡಿದ ಮೇಲಷ್ಟೇ ಬಾಗಿಲು ತೆರೆಯಲಿ. ಒಂದು ತಿಂಗಳೊಳಗೆ ಇದಾಗಬೇಕು. ಗಡುವು ಅಂದರೇನೆಂದು ತಮಗೂ ಸ್ವಲ್ಪ ಗೊತ್ತಾಗಲಿ.

ಇಂತಿ,
ಅಕ್ಕನ ಮನೆಗೆ ಹೋಗಲು ಮುಖವಿಲ್ಲದ ತಮ್ಮ